ಬೆಟ್ಟದ ನೀಲಗಿರಿಗೆ ಹುಯ್ದ ನೀರು

ಇಂಥದ್ದನ್ನೆಲ್ಲ ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವನು ನಾನು. ಈಗ ನೀವು ನಕ್ಕರೆ ತಕರಾರು ಮಾಡುವುದಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ನನ್ನೂರು ಗದಗಿನ ಕಡೆ. ಯಲಹಂಕದ ಕಾರ್ಖಾನೆಯಲ್ಲಿ ಕೆಲಸ, ರಾಜಾನುಕುಂಟೆಯ ಬಡಾವಣೆಯಲ್ಲಿ ಮನೆ. ನನ್ನ ಅಣ್ಣ ಊಟಿಯ ಚಹಾ ತೋಟದಲ್ಲಿ ದುಡಿದವನು. ಕೊನೆಯ ಸಲ ಬಂದಾಗ ಒಂದು ಪೊಟ್ಟಣ ಬೀಜ ಕೊಟ್ಟು, "ಬೆಟ್ಟದ ನೀಲಗಿರಿ ಐತಿ, ಮುಗಿಲೆತ್ತರ ಬೆಳಿತೈತಿ. ಒಂದಾದ್ರೂ ಬದುಕಿಸೋ ತಮ್ಮಾ" ಅಂದಿದ್ದ. ಮುಂದಿನ ತಿಂಗಳೇ ಅವನು ತೀರಿಹೋದ.

ಐದು ಸಸಿ ಎದ್ದವು. ಒಂದರ ಹಿಂದೊಂದು ನಾಲ್ಕು ಸತ್ತವು. ನಾನು ಬಿಸಿಲು ನಾಡಿನವನು, ಬಾಡಿದ ಎಲೆ ಕಂಡರೆ ಕೈ ತಾನಾಗಿ ಕೊಡ ಎತ್ತುತ್ತದೆ. "ಸಾಕ್ ಮಾಡ್ರಿ, ಮುಳುಗಿಸಿ ಕೊಲ್ಲತೀರೇನು ಅದನ್ನ?" ಎಂದು ಹೆಂಡತಿ ರೇಗುತ್ತಿದ್ದಳು. ಬಡಾವಣೆಗೆ ಜಮೀನು ಮಾರಿದ ಮುನಿರಾಜಣ್ಣ ಎದುರು ಮನೆಯವರು. ಒಂದು ಕಾಲಕ್ಕೆ ಇಲ್ಲೆಲ್ಲ ಅವರದೇ ನೀಲಗಿರಿ ತೋಪು. ಅವರೂ ಹೇಳಿದರು: "ಇಂಗೆ ನೀರುಯ್ದ್ರೆ ಬೇರು ಕೊಳ್ತೋಯ್ತದೆ ಸಾರ್. ನಾವು ಬ್ಯಾಡ ಅಂತ ಜೆಸಿಬಿ ತರ್ಸಿ ಕಿತ್ತಾಕಿಸ್ದೋ, ನೀವು ಸಾಕಕ್ಕೆ ಒದ್ದಾಡ್ತೀರಾ!" ನನಗೆ ಮೈಯೆಲ್ಲ ಉರಿಯಿತು.

ಉಳಿದದ್ದು ಸೊಂಟದೆತ್ತರದ ಐದನೆಯದು. ಮೂರು ವರ್ಷದ ಹಿಂದೆ ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ನೋಡಿದರೆ ಅದೂ ತಲೆ ಬಾಗಿಸಿತ್ತು. ಸಿಟ್ಟೋ ಅಳುವೋ ತಿಳಿಯದು. "ಏನ್ ಬೇಕ ನಿನಗ?" ಎಂದು ಬೈಯುತ್ತಲೇ ಕೊಡ ಬಗ್ಗಿಸಿದೆ.

ಆಗ ಮೈಮೇಲೆ ನೆರಳು ಬಿತ್ತು. ತಣ್ಣನೆಯ, ದೊಡ್ಡ ನೆರಳು. ಬಹಳ ಎತ್ತರದಲ್ಲಿ ಎಲೆಗಳು ಸುಯ್ಯೆಂದವು. ಹಣೆಗೆ ಎರಡು ಹನಿ ತಾಗಿದವು. ತಲೆ ಎತ್ತಿದೆ. ಮೋಡವಿಲ್ಲ, ಮರವಿಲ್ಲ, ಉರಿಯುವ ಸೂರ್ಯ. ಕೊಡದೊಳಗೆ ಕುಡುಗೋಲಿನಂತೆ ಬಾಗಿದ ಒಂದು ಉದ್ದನೆಯ ಎಲೆ ತೇಲುತ್ತಿತ್ತು. ನನ್ನ ಸಸಿಯದು ಇನ್ನೂ ದುಂಡೆಲೆ. ದೊಡ್ಡ ಮರಕ್ಕೆ ಮಾತ್ರ ಉದ್ದೆಲೆ ಬರುವುದು.

ಓಡಿಹೋಗಿ ಮುನಿರಾಜಣ್ಣನಿಗೆ ತೋರಿಸಿದೆ. ಹೊಸಕಿ ಮೂಸಿದರು. "ನೀಲಗಿರೀನೇ. ಆದ್ರೆ ನಮ್ ತೋಪಿಂದಲ್ಲ, ಘಾಟು ಬ್ಯಾರೆ. ಸುತ್ತಾ ಎಲ್ಲೂ ಒಂದ್ ಮರಾನೂ ಉಳ್ದಿಲ್ವಲ್ಲ ಸಾರ್" ಎಂದು ಎಲೆಯನ್ನು ನನ್ನ ಕೈಗೇ ವಾಪಸು ಇಟ್ಟರು.

ಅಣ್ಣನೇ ಹರಸಿದ ಎಂದುಕೊಂಡೆ. ಹಿಗ್ಗಿನಲ್ಲಿ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಹುಯ್ದೆ. ಹದಿನೈದು ದಿನದಲ್ಲಿ ಸಸಿ ಸತ್ತಿತು. ಕಿತ್ತರೆ ಬೇರು ಕಪ್ಪಗೆ ಕೊಳೆತು ನಾರುತ್ತಿತ್ತು.

ಎಲೆ ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನನ್ನನ್ನು ತಿನ್ನುವುದು ಅದಲ್ಲ. ಆ ಹೊತ್ತು ಆ ನೆರಳು ನನಗೆ "ಹುಯ್ಯಿ" ಎಂದು ಹೇಳಿದ್ದೋ, "ಸಾಕು, ನಿಲ್ಲಿಸು" ಎಂದು ಹೇಳಿದ್ದೋ? ಈಗಲೂ ಕರಿಬೇವಿಗೆ ನೀರು ಹಾಕಲು ಹೋದರೆ ಕೈ ತಡೆಯುತ್ತದೆ. ಕೊಡ ಹಿಡಿದುಕೊಂಡೇ ಮೇಲೆ ನೋಡುತ್ತೇನೆ.