ಮಹಾಂತಪ್ಪನ ನಿಧಾನದ ಡ್ರೈವಿಂಗು

2004ರಲ್ಲಿ ನಾವು ಅಮೆರಿಕದ ನಾರ್ತ್‌ರಿಜ್‌ನಲ್ಲಿದ್ದಾಗ ಮೇಲಿನ ಮನೆಯಲ್ಲಿ ಮಹಾಂತಪ್ಪ ಇದ್ದ. ಬಾಗಲಕೋಟೆಯ ಹುಡುಗ, ಎಂ.ಎಸ್. ಓದುತ್ತಿದ್ದ. ಗೆಳೆಯರ ಕಾರು ತಗೊಂಡು, ನಮ್ಮ ದೇಶದ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿ ನನಗೆ ಜೋಳದ ಹಿಟ್ಟು ತಂದುಕೊಡುತ್ತಿದ್ದ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ, ತುಂಬು ಗರ್ಭಿಣಿ ಬೇರೆ. ಗಂಡ ಸಿದ್ದಲಿಂಗಯ್ಯ ಸ್ಯಾನ್ ಡಿಯಾಗೋದಲ್ಲಿ ಕೆಲಸದಲ್ಲಿದ್ದು ವಾರಾಂತ್ಯಕ್ಕಷ್ಟೇ ಬರುತ್ತಿದ್ದರು. ನೋವು ಬಂದರೆ ಆಸ್ಪತ್ರೆಗೆ ಮುಟ್ಟಿಸುವ ಹೊಣೆಯನ್ನು ಮಹಾಂತಪ್ಪ ತಾನಾಗಿಯೇ ಹೊತ್ತಿದ್ದ. ಬಂಗಾರದಂಥ ಹುಡುಗ.

ಆದರೆ ಗಾಂಜಾ ಸೇದುತ್ತಿದ್ದ. ಸೇದಿಯೇ ಕಾರು ಓಡಿಸುತ್ತಿದ್ದ. ಬೈದರೆ ವಾದ ಸಿದ್ಧವಿತ್ತು.

“ಕುಡದಾವ್ರು ಜೋರ್ ಹೊಡೀತಾರ್ರೀ ಅಕ್ಕಾ. ನಾ ಸೇದಿದ್ರ ಮೂವತ್ತು ದಾಟಂಗಿಲ್ಲ. ಯಾರರ ಹಾರ್ನ್ ಹೊಡದ್ರೂ ಸಿಟ್ಟು ಬರಂಗಿಲ್ಲ. ನನಗಿಂತ ಸೇಫ್ ಡ್ರೈವರ್ ಈ ಊರಾಗ ಯಾರದಾರ?”

ಇಂಥ ಬುದ್ಧಿವಂತ ಅವನು!

ಅವನು ಹಳೆಯ ಕಾರೊಂದನ್ನು ಕೊಂಡಾಗ ಕ್ಯಾಲಬಾಸಸ್ ದೇವಸ್ಥಾನದಲ್ಲಿ ವಾಹನಪೂಜೆ ಮಾಡಿಸಿದ. ಭಾನುವಾರ, ನಾನೂ ಸಿದ್ದಲಿಂಗಯ್ಯನವರೂ ಹೋಗಿದ್ದೆವು. ಅರ್ಚಕರು ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಆರತಿ ತಟ್ಟೆ ಹಿಡಿದು ಮುಂದೆಯೇ ನಿಂತು, “ಸ್ವಲ್ಪ ಮುಂದೆ ತಗೊಂಡು ನಿಲ್ಸಿ” ಎಂದರು. ನಿಂಬೆಹಣ್ಣು ಪಚಕ್ಕೆಂದಿತು. ಕಾರು ಮಾತ್ರ ನಿಲ್ಲಲಿಲ್ಲ. ಅರ್ಚಕರು ತಟ್ಟೆ ಬಿಸಾಕಿ, ಪಂಚೆ ಎತ್ತಿಕೊಂಡು ಪಕ್ಕಕ್ಕೆ ನೆಗೆದರು. ತಟ್ಟೆ ಚಕ್ರದಡಿ ಚಪ್ಪಟೆಯಾದ ಮೇಲೆ ಬ್ರೇಕ್ ಬಿತ್ತು.

ಮಹಾಂತಪ್ಪ ನಗುತ್ತ ಇಳಿದ. ಕಣ್ಣು ಕೆಂಪಗಿದ್ದವು. ಪೂಜೆಗೂ ಸೇದಿಯೇ ಬಂದಿದ್ದ, ಮಹರಾಯ.

“ಅವ್ರು ಅಂದ ಕೂಡ್ಲೇ ಬ್ರೇಕ್ ಹಾಕೀನ್ರೀ. ಸ್ಲೋನೇ ಇದ್ದೆನಲ್ಲ!”

“ಸ್ಲೋನೇ ಇದ್ದಿ ತಮ್ಮಾ. ನಿನ್ನ ಕಾಲೂ ಸ್ಲೋ ಇತ್ತು,” ಎಂದೆ. “ನನ್ನ ದವಾಖಾನಿಗೆ ನೀ ಕರ್ಕೊಂಡು ಹೋಗೂದು ಬ್ಯಾಡ. ಟ್ಯಾಕ್ಸಿ ಕರೀತೀನಿ.”

ಅವನ ಮುಖ ಸಪ್ಪಗಾಯಿತು. ಚಪ್ಪಟೆ ತಟ್ಟೆಯನ್ನೇ ನೋಡುತ್ತ ನಿಂತ. ನನಗೆ ಪಾಪ ಎನ್ನಿಸಿತು. ಆದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ತಿಂಗಳ ಕೊನೆಗೆ, ಒಂದು ಬುಧವಾರ ಬೆಳಿಗ್ಗೆ, ನೋವು ಶುರುವಾಯಿತು. ಕರೆದ ಟ್ಯಾಕ್ಸಿ ಬರಲೇ ಇಲ್ಲ. ಸಿದ್ದಲಿಂಗಯ್ಯ ಫ್ರೀವೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಗೋಡೆ ಹಿಡಿದು ಹೊರಗೆ ಬಂದರೆ ನನ್ನ ನರಳಾಟ ಕೇಳಿ ಕೆಳಗಿಳಿದಿದ್ದ ಮಹಾಂತಪ್ಪ ತನ್ನ ಕಾರಿನ ಬಾಗಿಲು ತೆರೆದು ನಿಂತಿದ್ದ. ಅವನ ಕಣ್ಣನ್ನೇ ದಿಟ್ಟಿಸಿ ನೋಡಿದೆ.

“ಸೇದೀಯೇನು?” ಎಂದೆ.

“ಪೂಜಿ ದಿನದಿಂದ ಮುಟ್ಟಿಲ್ರೀ ಅಕ್ಕಾ. ಆದ್ರ ಇವತ್ತ ಗಾಡಿ ಹೊಡ್ಯಾಕ ಭಾಳ ಅಂಜಿಕಿ ಆಗಾಕತ್ತೈತಿ.”

“ಹಂಗಾದ್ರ ನಡಿ,” ಎಂದು ನಾನು ಕಾರು ಹತ್ತಿದೆ.