ಅಕ್ಕನ ಬಾವಲಿಗಳು

ಅದು ಸಾವಿರದ ಒಂಬೈನೂರ ಅರವತ್ತರ ಹಿಂದುಮುಂದಿನ ಮಾತು. ನಮ್ಮೂರು ನಗರಗೆರೆಯ ಆಚೆ ಬಂಡೆಗಳ ನಡುವಿನ ಗವಿಯಲ್ಲಿ ಸಣ್ಣ ಬಾವಲಿಗಳಿದ್ದವು. ಸಂಜೆ ಆಡು ಹೊಡೆದುಕೊಂಡು ಬರುವಾಗ ಅಕ್ಕ ಗವಿಯೆದುರು ಕೂತು ಕಾಯುತ್ತಿದ್ದಳು. ಅವು ಹಾರಿದೊಡನೆ, "ನಮ್ಮೋರು ಕೆಲಸಕ್ಕೆ ಹೊರಟ್ರು ಕಣೋ, ಇನ್ನು ಸೊಳ್ಳೆಗಳ ಕಥೆ ಮುಗೀತು!" ಎಂದು ಕೈ ತಟ್ಟುವಳು. ಮರಿ ಹಾಕುವ ಕಾಲದಲ್ಲಿ ಯಾರೂ ಒಳಗೆ ಹೋಗದಂತೆ ದಾರಿಗೆ ಜಾಲಿಮುಳ್ಳು ಹಾಕುವಳು.

ಒಂದು ಮಧ್ಯಾಹ್ನ, ಗವಿಯ ಬಾಯಲ್ಲಿದ್ದ ಜೇನಿಗಾಗಿ ನಾನು ಆ ಮುಳ್ಳು ಸರಿಸಿ ಹೊಗೆ ಹಾಕಿದೆ. ಹೊಗೆ ಒಳಗೆ ನುಗ್ಗಿ ಬಾವಲಿಗಳೆಲ್ಲ ಹಾಡಹಗಲೇ ಹಾರಿಹೋದವು. ನಾಲ್ಕೈದು ಮರಿಗಳು ನೆಲಕ್ಕೆ ಬಿದ್ದು ಸತ್ತವು.

ಬೂದಿ ನೋಡಿದ ಅಕ್ಕ, "ಯಾರೋ ಬೀಡಿ ಸೇದೋರ ಕೆಲಸ ಇದು" ಎಂದಳು. ನಾನು ಹೂಂ ಎಂದೆ.

ಅಂದಿನಿಂದ, ಸದಾ ಬೀಡಿ ಸೇದುವ ನಮ್ಮ ಸೋದರಮಾವ ಬಂಡೆಯ ಹತ್ತಿರ ಸುಳಿದರೆ ಸಾಕು, ಅಕ್ಕ ಮಂದೆಯ ಹೋತವನ್ನು ಹಿಡಿದುಕೊಂಡು ಕೂಗುವಳು, "ಮಾವ, ಬೀಡಿ ಎಸೀತೀಯೋ, ಹೋತ ಬಿಡ್ಲೋ?"

"ಹಚ್ಚೇ ಇಲ್ಲ ಕಣಮ್ಮ ತಾಯಿ!" ಎಂದು ಮಾವ ಓಡುವಾಗ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ.

ತಿಂಗಳ ಮೇಲೆ ಬಾವಲಿಗಳು ಮರಳಿದವು. ಅಕ್ಕ ಮದುವೆಯಾಗಿ ಚಿಂತಾಮಣಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡಳು. "ನಮ್ಮೋರ್ನ ನಿನಗೆ ಬಿಟ್ಟು ಹೋಗ್ತಿದೀನಿ ಕಣೋ. ಮಾವನ ಮೇಲೊಂದು ಕಣ್ಣಿಟ್ಟಿರು."

ಪಕ್ಕದಲ್ಲಿದ್ದ ಮಾವ ಕಿವಿಗೆ ಸಿಕ್ಕಿಸಿದ್ದ ಬೀಡಿ ತೆಗೆದು ನನ್ನ ಕೈಗೆ ಕೊಟ್ಟ.

ಆಮೇಲೆ ಪ್ರತಿ ಬೇಸಿಗೆಯೂ ಮುಳ್ಳು ಹಾಕಿದವನು ನಾನೇ. ತವರಿಗೆ ಬಂದಾಗಲೆಲ್ಲ ಅಕ್ಕ ಬೆಂಕಿಪೊಟ್ಟಣಕ್ಕಾಗಿ ಮಾವನ ಜೇಬು ತಡಕುತ್ತಿದ್ದಳು. ನನ್ನ ಜೇಬನ್ನು ಒಮ್ಮೆಯೂ ಮುಟ್ಟಲಿಲ್ಲ.