ಮಜ್ಜಿಗೆಯೊಳಗಿನ ಗುಳಿಗೆ

"ಇವಗ ಏನರೆ ಗುಳಿಗಿ ಕೊಡಾಕತ್ತೀರೇನ್ರಿ?" ಮುದ್ದೇಬಿಹಾಳದ ದವಾಖಾನೆಯಲ್ಲಿ ಡಾಕ್ಟರು ಕೇಳಿದರು. ನನ್ನ ಮೈದುನ ಒನಕೆಯಂತೆ ಸೆಟೆದು ಮಲಗಿದ್ದ. ಮೈ ಸುಡುತ್ತಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. ಗುಳಿಗೆ ಕೊಟ್ಟರೆ ಉಗುಳುವವನು ಅವನು. ಹಾಗಾಗಿ ನಾನು "ಇಲ್ರಿ" ಎಂದೆ.

ಅತ್ತೆ ಸೆರಗಿನ ಗಂಟು ಬಿಚ್ಚಿದರು. ಒಳಗೆ ಅವನ ಮನೋರೋಗದ ಗುಳಿಗೆಗಳಿದ್ದವು. ದಿನಾ ಪುಡಿ ಮಾಡಿ, ಅವನಿಗೆ ತಿಳಿಯದಂತೆ ಮಜ್ಜಿಗೆಯಲ್ಲಿ ಕುಡಿಸುತ್ತಿದ್ದರಂತೆ. ಮೈ ಸೆಟೆದಾಗ ಹಳೇ ಜಡ್ಡೇ ಹೆಚ್ಚಾಯಿತೆಂದು ಇನ್ನೊಂದು ಹಾಕಿದ್ದರಂತೆ.

"ಇದು ಗುಳಿಗಿದ ತ್ರಾಸ. ಅಪರೂಪಕ್ಕ ಹಿಂಗಾಗತೈತಿ, ಜೀವಕ್ಕ ಅಪಾಯ. ನೀ ಹೇಳಿದ್ದ ಚಲೋ ಆತು ಯವ್ವಾ," ಎಂದ ಡಾಕ್ಟರು ಗುಳಿಗೆ ನಿಲ್ಲಿಸಿ, ತಕ್ಷಣ ಬಿಜಾಪುರಕ್ಕೆ ಕಳಿಸಿದರು.

ಬದುಕಿ ಬಂದ ಮಗನಿಗೆ ಅತ್ತೆ ಎಲ್ಲವನ್ನೂ ಹೇಳಿಬಿಟ್ಟರು. ಈಗಲೂ ಅವನಿಗೆ ಮಜ್ಜಿಗೆ ಕೊಡುವಾಗ, ಅವನ ಕಣ್ಣೆದುರೇ ಮೊದಲ ಗುಟುಕು ತಾವು ಕುಡಿಯುತ್ತಾರೆ.